ಸೂಜಿಗಲ್ಲು ತಾಮ್ರದ ಚೊಂಬಿಗೆ ಠೂ ಬಿಟ್ಟದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ, ಮಕ್ಕಳೇ. ಈ ಸೀಮೆಯಲ್ಲೇ ಇಂಥ ಮೀಸೆ ಇನ್ನೊಂದಿಲ್ಲ. ಸುಮ್ಮಸುಮ್ಮನೆ ಪಣಕ್ಕಿಡುತ್ತೇನೆಯೇ?

ಭೂಮಿಯ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳು ಎಲ್ಲಿ ಕೂರುವುದೆಂದು ಜಾಗ ಹುಡುಕುತ್ತಿದ್ದವು. ಜನರಿಗೆ ತಾಮ್ರ ಗೊತ್ತಿತ್ತು. ಕಬ್ಬಿಣ ಮಾತ್ರ ಹೊಳೆದಂಡೆಯ ಕರಿಮರಳಿನೊಳಗೆ ನಿದ್ದೆ ಹೊಡೆಯುತ್ತಿತ್ತು.

ಆಗ ಮಾಳವ್ವ ಅಂತ ಒಬ್ಬಳಿದ್ದಳು. ಅವಳಣ್ಣ ಕೆಂಚಣ್ಣ ಕರಿಮರಳು ಕರಗಿಸಿ ಲೋಕದ ಮೊದಲ ಕುಡುಗೋಲು ಮಾಡಲು ಕುಲುಮೆ ಹೊತ್ತಿಸಿದ್ದ. ಹೊಲದಲ್ಲಿ ನವಣೆ ಹಣ್ಣಾಗಿತ್ತು. ಇವತ್ತು ಕುಡುಗೋಲು ಆಗದಿದ್ದರೆ ನಾಳೆ ತೆನೆಯೆಲ್ಲ ಗುಬ್ಬಿಗಳ ಪಾಲು.

ಮಾಳವ್ವ ಕರಿಮರಳು ಆರಿಸಲು ಬೆತ್ತದ ಬುಟ್ಟಿ, ಸೂಜಿಗಲ್ಲು ಹಿಡಿದು ಹೊಳೆಗೆ ಬಂದಳು. ಆಗಿನ ಸೂಜಿಗಲ್ಲು ಭಾರಿ ಸಲಿಗೆಯದು. ಕರಿಮರಳೆಂದರೂ ಪ್ರೀತಿ, ತಾಮ್ರವೆಂದರೂ ಪ್ರೀತಿ, ತಬ್ಬಿದರೆ ಬಿಡದು.

ಕಲ್ಲನ್ನು ಮರಳಿಗೆ ಅದ್ದಿದಳು. ಕಲ್ಲಿಗೆ ಕರಿಗಡ್ಡ ಬಂತು. ಕೊಡವಿದಳು, ಕೆರೆದಳು. ಗಡ್ಡ ಬಿಡಲೊಲ್ಲದು.

"ಬಿಡೋ ಮಾರಾಯ!"

"ನಾನೆಲ್ಲಿ ಹಿಡಿದಿದ್ದೀನಿ? ಅವೇ ಹಿಡಿದಿವೆ," ಅಂದಿತು ಕಲ್ಲು.

"ಅಯ್ಯೋ, ನಾವಲ್ಲವ್ವ, ಅವನೇ!" ಅಂದಿತು ಮರಳು.

ಮಾಳವ್ವನಿಗೆ ತಲೆಬುಡ ತಿಳಿಯಲಿಲ್ಲ.

"ಮಾಳೀ, ಇದ್ದಿಲು ಮುಗೀತಾ ಬಂತು! ಹೊಳೆ ಜೊತೆ ಹರಟೆ ಹೊಡೀತಿದ್ದೀಯಾ?" ಅಂತ ಕೆಂಚಣ್ಣ ಕುಲುಮೆಯಿಂದ ಕೂಗಿದ.

ಹೊಳೆಗೆ ಪಾಪ ಅನ್ನಿಸಿತು. "ಕಲ್ಲಿಗೊಂದು ಅಂಗಿ ತೊಡಿಸೇ. ಕೊಳೆ ಅಂಗಿಗೆ ಹತ್ತುತ್ತೆ, ಮೈಗೆ ಹತ್ತಲ್ಲ."

ಅಂಗಿ ಎಲ್ಲಿ ತರುವುದು? ನೀರು ಕುಡಿಯಲು ತಂದ ತಾಮ್ರದ ಚೊಂಬಿತ್ತು. ಗಡ್ಡದ ಕಲ್ಲನ್ನು ತೊಳೆದು ತೊಳೆದು ಅದರೊಳಗಿಟ್ಟಳು. ಕಲ್ಲು ಚೊಂಬಿನ ತಳವನ್ನು ಗಟ್ಟಿಯಾಗಿ ತಬ್ಬಿಕೊಂಡಿತು. ಚೊಂಬನ್ನು ಮರಳಿನ ಮೇಲಿಟ್ಟು ಎತ್ತಿದರೆ, ಅರೆ! ಗಡ್ಡ ಈಗ ಚೊಂಬಿಗೆ!

"ನೋಡಿದೆಯಾ ನನ್ನ ಶಕ್ತಿ!" ಅಂತ ಚೊಂಬು ಉಬ್ಬಿತು.

"ಲೇ, ಒಳಗಿಂದ ಎಳೆಯೋನು ನಾನು ಕಣೋ!"

"ನೀನಾ? ನೀನು ಒಳಗೆ ಕೂತು ತೂಕಡಿಸೋನು."

ಹಿಡಿದವನು ಒಳಗಿನವನೋ, ಹೊರಗಿನವನೋ? ಮಾಳವ್ವನಿಗೆ ತಲೆಯೂ ತಿಳಿಯಲಿಲ್ಲ, ಬುಡವೂ ತಿಳಿಯಲಿಲ್ಲ. ಕಲ್ಲನ್ನೇ ಹೊರಗೆ ತೆಗೆದು ಕೇಳೋಣವೆಂದು ಚೊಂಬನ್ನು ಬುಟ್ಟಿಯ ಮೇಲೆ ಹಿಡಿದು ಎಳೆದಳು. ತಬ್ಬಿದ ಕಲ್ಲು ಬರಲಿಲ್ಲ.

"ಪಾಪ, ನಾನು ಎತ್ತಿಕೊಳ್ಳದಿದ್ದರೆ ಬಿದ್ದೇ ಹೋಗ್ತಾನೆ," ಅಂದಿತು ಚೊಂಬು.

ಕಲ್ಲಿಗೆ ರೇಗಿಹೋಯಿತು. "ಠೂ! ಇವತ್ತಿಂದ ನಿನ್ನನ್ನ ಮುಟ್ಟಲ್ಲ. ಕರಿಮರಳನ್ನ ಕರೀಬೇಕಾದ್ರೂ ಮಧ್ಯೆ ನೀನು ಇಲ್ಲವೇ ಇಲ್ಲ ಅನ್ನೋ ಹಾಗೆ ಕರೀತೀನಿ!"

ತಬ್ಬಿದ ಕೈ ಬಿಟ್ಟಿತು. ಎಳೆಯುತ್ತಿದ್ದ ಮಾಳವ್ವ ಕಲ್ಲಿನ ಸಮೇತ ದೊಪ್ಪನೆ ಹಿಂದಕ್ಕೆ ಬಿದ್ದಳು. ಚೊಂಬಿನ ಗಡ್ಡ ಜರ್ರನೆ ಬುಟ್ಟಿಗೆ ಉದುರಿತು.

"ಈಗ್ಯಾಕ್ರೋ ಬಿಟ್ಟಿರಿ?"

"ಅವನ ಕೈ ಮೋಟು ಕಣವ್ವ. ದೂರ ಹೋದ್ರೆ ನಾವು ಎಟುಕಲ್ಲ," ಅಂದಿತು ಮರಳು.

ಮಾಳವ್ವ ಕಲ್ಲಿಗೊಂದು ಕೋಲು ಕಟ್ಟಿದಳು. ಕೋಲನ್ನು ಚೊಂಬಿನೊಳಗೆ ಇಳಿಸಿದರೆ ಚೊಂಬಿನ ತಳಕ್ಕೆ ಮರಳು ಅಂಟಿತು, ಬುಟ್ಟಿಗೆ ತಂದು ಕೋಲು ಮೇಲೆತ್ತಿದರೆ ಉದುರಿತು. ಹಿಡಿದವರಾರು, ಬಿಟ್ಟವರಾರು ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಬುಟ್ಟಿ ಮಾತ್ರ ತುಂಬಿತು. ಗುಬ್ಬಿಗಳು ಏಳುವ ಮೊದಲೇ ನವಣೆ ಕಣಕ್ಕೆ ಬಂತು.

ಅದಕ್ಕೇ ಸೂಜಿಗಲ್ಲು ಇವತ್ತಿಗೂ ತಾಮ್ರವನ್ನು ಮೂಸಿಯೂ ನೋಡುವುದಿಲ್ಲ, ತಾಮ್ರದಾಚೆಯ ಕಬ್ಬಿಣವನ್ನು ಮಾತ್ರ ಕರೆಯುತ್ತದೆ. ಗ್ಯಾರೇಜಿನಲ್ಲಿ ಚೆಲ್ಲಿದ ಮೊಳೆ ಎತ್ತುವ ಡಬ್ಬಿ ನೋಡಿದ್ದೀರಲ್ಲ? ಹಿಡಿಕೆ ಒತ್ತಿದರೆ ಮೊಳೆ ಅಂಟುತ್ತದೆ, ಎಳೆದರೆ ಉದುರುತ್ತದೆ. ಅದರೊಳಗೆ ಕೂತಿರುವುದು ಇನ್ನೂ ರಾಜಿಯಾಗದ ಅದೇ ಕಲ್ಲಿನ ವಂಶ.

ಹಾಂ, ಬುಟ್ಟಿ ಬೆತ್ತದ್ದು ಅಂದೆನಲ್ಲ, ಅದೊಂದು ನಾನು ಸೇರಿಸಿದ್ದು. ಬಿದಿರಿನದು. ಅಷ್ಟಕ್ಕೆ ಯಾರೂ ಕತ್ತರಿ ಹುಡುಕಬೇಡಿ.