ಬಾಬುರಾಯಾಚಾರಿಯೂ ಜೋಮುಮೀನೂ

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೆ ಹಲ್ಲು ಮೂಡುವುದಕ್ಕೂ ಮೊದಲು, ಹೊಳೆ ಕಡಲು ಸೇರುವ ಅಳಿವೆಯ ಪಕ್ಕ ಒಂದು ಊರಿತ್ತಂತೆ. ಆ ಊರಲ್ಲಿ ಬಾಬುರಾಯಾಚಾರಿ ಅಂತ ಒಬ್ಬ ಅಕ್ಕಸಾಲಿಗ. ಅವನೆಳೆದ ಬೆಳ್ಳಿ ಕಂಬಿ ಎಷ್ಟು ಸಪೂರವೆಂದರೆ, ಒಂದು ಇರುವೆಗೆ ಸೊಂಟಪಟ್ಟಿ ಮಾಡಿಕೊಟ್ಟನಂತೆ. ಊಟವಾದ ಮೇಲೆ ಬಿಗಿಯಾಗುತ್ತದೆ ಅಂತ ಇರುವೆ ಅದನ್ನು ವಾಪಸು ತಂದಿತಂತೆ. ನಗಬೇಡಿ ಮಕ್ಕಳೇ, ನಿಮ್ಮ ಮಾವ ಸುಳ್ಳು ಹೇಳಿದ್ದುಂಟಾ? ಉಂಟು, ಆದರೆ ಇವತ್ತಲ್ಲ.

ಅದೇ ಊರಲ್ಲಿ ಕುಷ್ಟಪ್ಪ ಅಂತ ಒಬ್ಬ ಹೊಟ್ಟೆಬಾಕ. ಹೇಗಾದರೂ ಇವರ ಹಸಿವು ಅಡಗಿಸಿ ಅಂತ ಅವನ ಹೆಂಡತಿ ಆಚಾರಿಯ ಕಾಲು ಹಿಡಿದಳಂತೆ. ಅಳಿವೆಯ ಕೆಸರಲ್ಲಿ ಜೋಮುಮೀನು ಅಂತ ಒಂದುಂಟು, ಮುಟ್ಟಿದರೆ ಭುಜದವರೆಗೆ ಜುಮ್ಮೆನ್ನುತ್ತದೆ. ಹಸಿವಿಗೂ ಹಾಗೇ ಜೋಮು ಹಿಡಿಸಿದರಾಯಿತು ಅಂತ ಆಚಾರಿ ಕುಷ್ಟಪ್ಪನ ತಲೆಗೆ ಸಾಸಿವೆಯಷ್ಟು ತೂತು ಕೊರೆದು, ಕಂಬಿಯನ್ನು ಮಿದುಳಿನ ಆಳಕ್ಕೆ ಇಳಿಸಿ, ಇನ್ನೊಂದು ತುದಿಯನ್ನು ಮೀನಿನ ಬೆನ್ನಿಗೆ ತಾಗಿಸಿದನಂತೆ. ಹಸಿವು ಒಂದು ಚೂರೂ ಇಳಿಯಲಿಲ್ಲ. ಆದರೆ ಕುಷ್ಟಪ್ಪ ಮೂವತ್ತು ವರ್ಷದ ಹಿಂದಿನ ಮದುವೆಯೂಟವೊಂದನ್ನು ಉಪ್ಪಿನಿಂದ ಹಿಡಿದು ಪಾಯಸದವರೆಗೆ ಹೇಳಿದನಂತೆ. ಬಡಿಸಿದವಳ ಸೀರೆಯ ಬಣ್ಣಕ್ಕೆ ಬಂದಾಗ ಹೆಂಡತಿ ಮೀನನ್ನೇ ಕಸಿದುಕೊಂಡಳಂತೆ.

ಎಲ್ಲರೂ ನಕ್ಕರು. ಆಚಾರಿ ನಗಲಿಲ್ಲ. ಅವನ ಹೆಂಡತಿ ಗುಲಾಬಮ್ಮ ಆಗ ಒಂದೊಂದಾಗಿ ಎಲ್ಲ ಮರೆಯುತ್ತಿದ್ದಳು. ಸಾರಿಗೆ ಮೂರು ಸಲ ಉಪ್ಪು ಹಾಕುತ್ತಿದ್ದಳು, ಬಾವಿಗೆ ಹೋದವಳು ಮನೆಯ ದಾರಿ ಕೇಳುತ್ತಿದ್ದಳು. ಇವಳು ನನ್ನನ್ನೂ ಮರೆತರೆ ಏನು ಗತಿ ಅಂತ ಅವನಿಗೆ ಒಂದೇ ಭಯ.

ಅವಳಿಗೂ ಕಂಬಿ ಇಳಿಸಿದ. ಒಂದು ಮೀನು ತಾಗಿಸಿದ್ದೇ, ಮದುಮಗಳಾಗಿ ದೋಣಿಯಲ್ಲಿ ಬಂದ ದಿನ ಯಾರ್‍ಯಾರು ವಾಂತಿ ಮಾಡಿಕೊಂಡರು ಅಂತ ಹೆಸರು ಹೆಸರಾಗಿ ಹೇಳಿದಳಂತೆ. ಊರೆಲ್ಲ ನೋಡಲು ಬಂತು. ಪಟೇಲರು ಮಾತ್ರ, ಇದೆಲ್ಲ ಸಾಲದು, ಪರೀಕ್ಷೆ ಆಗಬೇಕು ಅಂದರು.

"ಗುಲಾಬಮ್ಮ, ನಿನ್ನ ಗಂಡನ ಹೆಸರು ಹೇಳು ನೋಡುವ."

ಗುಲಾಬಮ್ಮ ತಲೆ ತಗ್ಗಿಸಿದಳು, ಕಾಲ ಹೆಬ್ಬೆರಳಲ್ಲಿ ನೆಲ ಕೆರೆದಳು, ಬಾಯಿ ಬಿಡಲಿಲ್ಲ.

"ಇಲ್ಲ ಆಚಾರೀ, ಇನ್ನೂ ನೆನಪಾಗಿಲ್ಲ," ಅಂದರು ಪಟೇಲರು. ಪಟೇಲರ ಹೆಂಡತಿ ಅಲ್ಲೇ ಕೂತಿದ್ದಳು. ಮದುವೆಯಾದ ಮೇಲೆ ಅವಳೂ ಗಂಡನ ಹೆಸರು ಹೇಳಿದವಳಲ್ಲ, ಆ ಊರಿನ ಯಾವ ಹೆಂಗಸೂ ಹೇಳಿದವಳಲ್ಲ. ಆದರೂ ಅದು ಯಾರಿಗೂ ಹೊಳೆಯಲಿಲ್ಲವಂತೆ.

ಆಚಾರಿ ಎರಡು ಮೀನು ತಂದ. ಅವಳು ತಲೆ ತಗ್ಗಿಸಿದಳು. ನಾಲ್ಕು ತಂದ. ಮತ್ತೆ ತಲೆ ತಗ್ಗಿಸಿದಳು, ಅವನತ್ತ ವಾರೆನೋಟ ಬೀರಿ ಸಣ್ಣಗೆ ನಕ್ಕಳು. ಕೊನೆಗೆ ಏಳು ಮೀನು ಒಟ್ಟಿಗೆ ತಾಗಿಸಿದ. ಮೈಯೆಲ್ಲ ಅದುರಿ ನಿಂತ ಮೇಲೆ ಗುಲಾಬಮ್ಮ ತಲೆಯೆತ್ತಿ ಪಟೇಲರನ್ನೇ ನೋಡುತ್ತ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಬಾಬುರಾಯಾಚಾರಿ!"

ಡೋಲು ಬಡಿದರಂತೆ, ಬೆಲ್ಲ ಹಂಚಿದರಂತೆ. ಆಚಾರಿ ಕಣ್ಣೊರೆಸಿಕೊಂಡು ಅವಳ ಹತ್ತಿರ ಕೂತ. ಅವಳು ಸೆರಗು ಎಳೆದುಕೊಂಡು ಸ್ವಲ್ಪ ಸರಿದು ಕೇಳಿದಳಂತೆ:

"ಅಣ್ಣಾ, ಈ ಬಾಬುರಾಯಾಚಾರಿ ಅಂದರೆ ಯಾರು? ನಿಮ್ಮ ಪೈಕಿಯವರಾ?"

ತಲೆ ತಗ್ಗಿಸಿದಷ್ಟು ದಿನವೂ ಅವಳಿಗೆ ಅವನು ಗಂಡನೆಂದು ಗೊತ್ತಿತ್ತು. ಆ ಏಳು ಮೀನು ಸುಟ್ಟದ್ದು ಅದೊಂದನ್ನೇ.

ಆಚಾರಿ ಮೀನುಗಳನ್ನು ಅಳಿವೆಗೆ ಬಿಟ್ಟ. ಆಮೇಲೆ ಕಂಬಿ ಎಳೆಯಲಿಲ್ಲ. ಗುಲಾಬಮ್ಮ ಇನ್ನೂ ಎಂಟು ವರ್ಷ ಬದುಕಿದಳಂತೆ. ಎಂಟು ವರ್ಷವೂ, ಬಾಬುರಾಯಾ ನೀರು ಕೊಡು, ಬಾಬುರಾಯಾ ಬಾಗಿಲು ಹಾಕು ಅಂತ ಕೆಲಸದಾಳನ್ನು ಕರೆದ ಹಾಗೆ ಕರೆದಳಂತೆ. ಅವನು ಓ ಅಂದನಂತೆ.

ಈಗಲೂ ಆ ಊರಲ್ಲಿ ತಾಳಿ ಕಟ್ಟಿದ ಕೂಡಲೇ ಮದುಮಗಳು ಗಂಡನನ್ನು ಗಟ್ಟಿಯಾಗಿ ಹೆಸರು ಹಿಡಿದು ಕರೆಯಬೇಕು, ಅವನು ಓ ಅನ್ನಬೇಕು. ಪರವೂರವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಿಮ್ಮತ್ತೆ ಆ ಊರಿನವಳೇ. ನನ್ನ ಹೆಸರಿನ ಹಿಂದೊಂದು ಮುಂದೊಂದು ಬೈಗುಳ ಸೇರಿಸಿ ಕರೆದಳು. ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತು. ಮೂಲೆಯಲ್ಲಿ ಕೂತ ಮುದುಕಿಯರು ಮಾತ್ರ, ಹೆಸರು ಹೇಳುವ ಮೊದಲು ಹುಡುಗಿ ತಲೆ ತಗ್ಗಿಸಿದಳಾ ಇಲ್ಲವಾ ಅಂತ ನೋಡುತ್ತಿದ್ದರು.