ಆಳ ಗೊತ್ತಿಲ್ಲದ ಹೋತ

ಕುರಿಗಳು ತಾವಾಗಿ ಹೊಳೆಗೆ ಇಳಿಯುವುದಿಲ್ಲ. ಮುಂದೆ ಒಂದು ಹೋತ ಇಳಿಯಬೇಕು. ಮುನ್ನೂರು ಕುರಿಗಳ ಮಂದೆಯೊಂದಕ್ಕೆ ಕೆಂಚನೆಂಬ ಹೋತ ಮುಂದಾಳಾಗಿತ್ತು. ಈಚೆ ದಡದಲ್ಲಿ ಹುಲ್ಲು ಮುಗಿದು ಎರಡು ದಿನವಾಗಿತ್ತು. ಆಚೆ ಹುಲ್ಲಿತ್ತು, ನಡುವೆ ಹೊಳೆಗೆ ಹೊಸ ನೀರು ಬಂದಿತ್ತು.

"ಎಷ್ಟು ಆಳ?" ಎಂದು ಕುರಿಗಳು ಕೇಳಿದವು.

"ಮೊಣಕಾಲುದ್ದ ಅಂದುಬಿಡು ಯಜಮಾನ, ನಂಬ್ತಾವೆ," ಎಂದು ಪಕ್ಕದ ಟಗರು ಪಿಸುಗುಟ್ಟಿತು.

ಕೆಂಚ ಗಟ್ಟಿಯಾಗಿಯೇ ಹೇಳಿತು: "ನನಗೆ ಗೊತ್ತಿಲ್ಲ. ಮೊದಲು ನಾನೊಬ್ಬನೇ ಹೋಗ್ತೀನಿ. ಆಚೆಯಿಂದ ಕೂಗುವವರೆಗೆ ಯಾರೂ ಕಾಲಿಡಬೇಡಿ. ನಾನು ಕೊಚ್ಚಿಹೋದರೆ ಅಜ್ಜಿ ಹೇಳಿದ ಹಾಗೆ ಕೇಳಿ."

ಮುದಿ ಕುರಿ ತಲೆ ಎತ್ತಿತು. "ನಾನಾ? ನಿನ್ನೆಯಿಡೀ ನಿನ್ನನ್ನು ಬೈದವಳು ನಾನು!"

"ಎದುರಿಗೇ ಬೈದೆಯಲ್ಲ, ಅದಕ್ಕೇ."

ಕೆಂಚ ನೀರಿಗಿಳಿಯಿತು. ನಡುಹೊಳೆಯಲ್ಲಿ ಕುತ್ತಿಗೆ ಮುಳುಗಿತು. ಕಷ್ಟಪಟ್ಟು ತಿರುಗಿ ಈಚೆಗೇ ಬಂತು.

"ಮುಂದಾಳೇ ವಾಪಸ್ ಬಂದರೆ ಮಂದೆ ಏನಂದುಕೊಂಡೀತು?" ಎಂದು ಟಗರು ನಕ್ಕಿತು.

"ಏನಾದರೂ ಅಂದುಕೊಳ್ಳಲಿ. ಇಲ್ಲಿ ದಾಟೋಕಾಗಲ್ಲ. ಮೇಲ್ಗಡೆ ನೋಡೋಣ."

ಮೇಲ್ಗಡೆಯೂ ಇಳಿಯಿತು, ಅಲ್ಲಿಂದಲೂ ಮರಳಿತು. ಇನ್ನೂ ಮೇಲೆ, ಬಂಡೆಗಳ ಸಾಲಿನ ಬಳಿ ಮೂರನೆಯ ಸಲ ಇಳಿಯಿತು. ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ಅದರ ಕೂಗು ಕೇಳಿತು.

ಈಗ ಟಗರೇ ಹಿಂಜರಿಯಿತು. "ನಿಜವಾಗಿಯೂ ಆಳ ಇಲ್ಲ ಅಂತೀಯಾ ಅಜ್ಜಿ?"

ಮುದಿ ಕುರಿ ಅದನ್ನು ತಲೆಯಿಂದ ನೀರಿಗೆ ನೂಕಿತು. "ಆಳ ಇದ್ದಿದ್ದರೆ ಅವನು ವಾಪಸ್ ಬರ್ತಿದ್ದ. ನಡಿ ಮುಂದೆ," ಎಂದು ತಾನೂ ಇಳಿಯಿತು. ಮುನ್ನೂರೂ ಅದರ ಹಿಂದೆ ಇಳಿದವು.