ಬೆರಳೆತ್ತದ ಬಯಲು

ಇದನ್ನು ನಮಗೆ ಮೊದಲು ಹೇಳಿದವಳು ಸೋದರತ್ತೆ ಪಂಪವ್ವ. ಜೋಳ ಹಸನು ಮಾಡುತ್ತ ಹೇಳುತ್ತಿದ್ದಳು. ಕೊಡದ ಮಾತು ಬರುವ ಹೊತ್ತಿಗೆ ಅವಳ ಕೈಯ ಮೊರ ತಾನಾಗಿ ನಿಂತುಬಿಡುತ್ತಿತ್ತು.

ಬಹಳ ಹಿಂದೆ, ಬಿಳಿಯರ ರಾಣಿ ಆಳುತ್ತಿದ್ದ ಕಾಲಕ್ಕೆ, ಬೊಮ್ಮನಕುಂಟಿ ಅಂತ ಒಂದೂರು. ಊರ ಮಗ್ಗುಲಿಗೆ ಪಲ್ಟನ್ನು ಇಳಿದಿತ್ತು. ಅದಕ್ಕೊಬ್ಬ ಕಪ್ತಾನ. ಹೆಸರು ಮೆರಿಡನ್ ಅಂತೆ. ನಮ್ಮವರ ನಾಲಿಗೆಗೆ ಅದು ಹೊರಳದೆ, ಮರಿದೊರೆ ಅಂದರು.

ಅವನಿಗೆ ಕ್ರಿಕೆಟಿನ ಹುಚ್ಚು. ಊರ ಮುಂದಿನ ಬಯಲಲ್ಲಿ ಕಲ್ಲು ಆರಿಸಿ, ನೆಲ ಸಮ ಮಾಡಿಸಿ, ಸುತ್ತ ಸುಣ್ಣದ ಗೆರೆ ಎಳೆಸಿ, ಸಿಪಾಯಿಗಳನ್ನು ಕಟ್ಟಿಕೊಂಡು ಆಡುತ್ತಿದ್ದ. ಅಗಸರ ಬಡಿಗೆಯಂಥ ಬ್ಯಾಟು ಹಿಡಿದು ಅವನು ಸೋಮವಾರ ಬಾರಿಸಿದ ಚೆಂಡು ಸಂತೆಯ ದಿನ ಬಂದು ಬೀಳುತ್ತಿತ್ತಂತೆ. ಕಟ್ಟೆಯ ಮೇಲಿನ ಮುದುಕರು, "ಪಾಪ, ಇವನ ಹಡೆದವ್ವಗೆ ಗೊತ್ತೋ ಇಲ್ಲೋ! ಮಗ ಉರಿಬಿಸಿಲಾಗ ಓಡ್ತಾನ, ಓಡಿ ಮತ್ತ ಹೊಂಟಲ್ಲಿಗೇ ಬರ್ತಾನ" ಎಂದು ನಗುತ್ತಿದ್ದರಂತೆ.

ಆಟಕ್ಕೆ ತೀರ್ಪು ಕೊಡಲು ಮುಖ ನೋಡದವನೊಬ್ಬ ಬೇಕಿತ್ತು. ದೊರೆ ಊರ ತಳವಾರ ಕೆಂಚಪ್ಪನನ್ನು ಕರೆದ. ಊರ ಕಾವಲು ಕೆಂಚಪ್ಪನ ಮನೆತನದ ಕೆಲಸ. ಬೆಳೆ ಮೇಯ್ದಿತೆಂದು ಸ್ವಂತ ಭಾವಮೈದುನನ ಎಮ್ಮೆಯನ್ನೇ ದೊಡ್ಡಿಗೆ ಹೊಡೆದವನು ಅವನು. ಆಟಗಾರ ಔಟಾದರೆ ತೋರುಬೆರಳು ಎತ್ತು, ಮಾತು ಬೇಡ, ಎತ್ತಿದ ಬೆರಳಿಗೆ ಎದುರಿಲ್ಲ ಎಂದು ದೊರೆ ಕಲಿಸಿದ. ಮೊದಲ ದಿನವೇ ಚೆಂಡು ದೊರೆಯ ಬ್ಯಾಟಿನ ಅಂಚು ಸವರಿ ಹಿಂದಿನವನ ಕೈ ಸೇರಿತು. ಸವರಿದ ಸದ್ದು ಕೇಳಿದ್ದು ಕೆಂಚಪ್ಪನಿಗೊಬ್ಬನಿಗೇ. ಬೆರಳು ಎದ್ದಿತು. ದೊರೆ ಟೋಪಿ ತೆಗೆದು, ಬ್ಯಾಟು ಕಂಕುಳಲ್ಲಿಟ್ಟುಕೊಂಡು, ಸುಮ್ಮನೆ ಗೆರೆ ದಾಟಿ ಹೋದನಂತೆ. ಅವತ್ತಿನಿಂದ ಅವನಿಗೆ ಕೆಂಚಪ್ಪನೆಂದರೆ ಜೀವ.

ಒಂದು ಬೇಸಿಗೆ ಊರಿಗೆ ವಾಂತಿಭೇದಿ ಬಂತು. ಮನೆಮನೆಯಲ್ಲಿ ಹೆಣ ಬಿದ್ದವು. ಹಿರಿಯರು ಹೊರಬೀಡು ಸಾರಿದರು. ಹೊರಬೀಡೆಂದರೆ, ಒಲೆ ಆರಿಸಿ, ಊರನ್ನು ಊರದೇವಿ ಅಮ್ಮನಿಗೆ ಒಪ್ಪಿಸಿ, ಎಲ್ಲರೂ ಹೊರಗೆ ಬಿಡಾರ ಹೂಡುವುದು. ಊರಬಾಯಿಗೆ ಮುಳ್ಳು ಎಳೆದ ಮೇಲೆ ಒಳಗೆ ಹೋದವರು, ಅಮ್ಮ ತಣಿಯುವ ತನಕ ಹೊರಗೆ ಬರುವಂತಿಲ್ಲ. ದೊರೆ ತನ್ನ ಆಟದ ಬಯಲನ್ನೇ ಬಿಡಾರಕ್ಕೆ ಬಿಟ್ಟುಕೊಟ್ಟ. ಮುಳ್ಳಿನ ಬಳಿ ಕಾವಲಿಗೆ ಕೆಂಚಪ್ಪ ನಿಂತ.

ಕೆಂಚಪ್ಪನ ತಾಯಿ ಈರವ್ವ ಮಾತ್ರ ಒಳಗೇ ಉಳಿದಳು. ಅವಳಿಗೆ ಬೇನೆ ತಗುಲಿತ್ತು. "ಕೂಸುಗಳ ನಡುವೆ ನನ್ನ ಒಯ್ಯಬ್ಯಾಡ ಮಗನ" ಅಂದಿದ್ದಳು. ಸುದ್ದಿ ಕೇಳಿದ ದೊರೆ ಮದ್ದಿನ ಶೀಶೆ ಹಿಡಿದು ಮುಳ್ಳು ಸರಿಸಿದ. "ಹೋದರ ಬರಂಗಿಲ್ಲರಿ ದೊರೀ" ಎಂದು ಕೆಂಚಪ್ಪ ಅಡ್ಡ ನಿಂತ. ದೊರೆ ಅವನ ಹೆಗಲು ತಟ್ಟಿ ಒಳಹೊಕ್ಕ. ಸ್ವಲ್ಪ ಹೊತ್ತಿಗೆ ಈರವ್ವನ ಮನೆಯಿಂದ ಹೊಗೆ ಎದ್ದಿತು. ಒಲೆ ಆರಿಸಿದ ಊರಲ್ಲಿ ಮತ್ತೆ ಒಲೆ ಹೊತ್ತಿತೆಂದು ಬಿಡಾರದ ಜನ ಎದೆ ಎದೆ ಬಡಿದುಕೊಂಡರು. ಅವನು ಅಲ್ಲಿ ನೀರು ಕಾಯಿಸುತ್ತಿದ್ದನಂತೆ, ಗಂಜಿ ಬೇಯಿಸುತ್ತಿದ್ದನಂತೆ.

ಕೆಲವು ದಿನ ಕಳೆದು ದೊರೆ ಮುಳ್ಳಿನ ಬಳಿ ಬಂದ. ಕಣ್ಣು ಗುಳಿಬಿದ್ದಿದ್ದವು. "ಕೆಂಚಪ್ಪ, ಅವ್ವ ಗಂಜಿ ಕುಡಿದಳು" ಅಂದ. ಆಮೇಲೆ, "ನಾನು ಬರಲಾ?" ಅಂದ.

ಕೆಂಚಪ್ಪನ ಕೈ ಮುಳ್ಳಿನ ಮೇಲೆ ಹೋಯಿತು. ಬೆನ್ನ ಹಿಂದೆ ಹಿರಿಯರು, "ಕೆಂಚಾ, ಕೂಸುಗಳವ ಇಲ್ಲಿ" ಅಂದರು. ಮುಳ್ಳಿನ ಮೇಲಿಂದ ಕೈ ತೆಗೆದ. ತೋರುಬೆರಳು ಎತ್ತಿದ.

ದೊರೆ ಆ ಬೆರಳನ್ನು ನೋಡಿದ. ಟೋಪಿ ತೆಗೆದ, ಕಂಕುಳಲ್ಲಿಟ್ಟ, ತಿರುಗಿ ನಡೆದ.

ಕೆಂಚಪ್ಪ ಓಡಿ ಹೋಗಿ ಒಂದು ಕೊಡ ನೀರು ತಂದು ಮುಳ್ಳಿನಾಚೆ ಇಟ್ಟ. ಕೂಗಿದ. ದೊರೆ ತಿರುಗಲಿಲ್ಲ.

ಅಮ್ಮ ತಣಿದಳು. ಮುಳ್ಳು ಸರಿಸಿದಾಗ ಈರವ್ವ ತಾನೇ ನಡೆದು ಬಂದಳು. ಮನೆಯ ಜಗಲಿಯ ಮೇಲೆ ದೊರೆ ಅವಳ ತೊಡೆಯಲ್ಲೇ ತಲೆಯಿಟ್ಟು ಕಣ್ಣು ಮುಚ್ಚಿದ್ದನಂತೆ. "ನಿನ್ನ ಮ್ಯಾಲ ಸಿಟ್ಟಾಗಲಿಲ್ಲ ಮಗನ, ಒಂದು ಮಾತೂ ಆಡಲಿಲ್ಲ" ಎಂದು ಈರವ್ವ ಅತ್ತಳಂತೆ. ಕೊಡ ಇಟ್ಟಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೇ.

ಹೊರಗೆ ಬಿಟ್ಟಿದ್ದರೆ ಪಲ್ಟನ್ನಿನ ಡಾಕ್ಟರು ಉಳಿಸುತ್ತಿದ್ದರು ಅನ್ನುವವರುಂಟು. ಬಿಟ್ಟಿದ್ದರೆ ಬಿಡಾರದ ಕೂಸುಗಳು ಉಳಿಯುತ್ತಿರಲಿಲ್ಲ ಅನ್ನುವವರೂ ಉಂಟು. ಅದನ್ನು ಶಿವನೇ ಬಲ್ಲ. ಕೆಂಚಪ್ಪ ಮಾತ್ರ ಸಾಯುವ ತನಕ ಬಲಗೈಯ ಆ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಇದ್ದನಂತೆ. ಉಣ್ಣುವಾಗ ಬಿಚ್ಚುವನು, ಉಂಡು ಮತ್ತೆ ಸುತ್ತುವನು.

ಆ ಬಯಲಲ್ಲಿ ಇಂದಿಗೂ ಹುಡುಗರು ಆಡುತ್ತಾರೆ. ಅಲ್ಲಿ ಬೆರಳೆತ್ತುವವರಿಲ್ಲ. ಔಟಾದವನು ತಾನೇ ತಿಳಿದು ಹೊರಡಬೇಕು. ಯಾವನಾದರೂ ಮೊಂಡಾಗಿ ನಿಂತರೆ, "ಮರಿದೊರೆ ನೋಡ್ತಾನ, ನಡಿಯಲೇ" ಅಂತ ಅವನ ಕಡೆಯವರೇ ಬೈಯುತ್ತಾರೆ. ಆಟಕ್ಕೆ ಮುಂಚೆ ಊರ ಕಡೆಯ ಗೆರೆಯ ಮೇಲೆ ಒಂದು ತುಂಬಿದ ಕೊಡ ಇಡುತ್ತಾರೆ. ಎಷ್ಟೇ ಬಾಯಾರಿದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಆಟ ಮುಗಿದ ಮೇಲೆ ಬಯಲ ಅಂಚಿನಲ್ಲಿರುವ ಮರಿದೊರೆಯ ಗೋರಿಕಲ್ಲಿಗೆ ಎರೆಯುತ್ತಾರೆ.

ಕೇಳಿದವರು ಇದನ್ನು ಮಕ್ಕಳಿಗೂ ದಾಟಿಸಿ. ಚೆಂಡು ಸಂತೆಯ ದಿನ ಬಿದ್ದ ಮಾತು ಬಿಟ್ಟರೂ ಬಿಡಿ. ಕೊಡ ತುಂಬಿದ ಹಾಗೇ ಇತ್ತೆಂಬ ಮಾತನ್ನು ಮಾತ್ರ ಬಿಡಬೇಡಿ.